ಹಗ್ಗ ಇದೆ, ಕಟ್ಟಿಕೊಂಡವರಿಲ್ಲ: ಅಮೆರಿಕದ ಚಾವಣಿ ಕೆಲಸ ಮತ್ತು ಆರು ಅಡಿಯ ಕಾನೂನು

ಟೆಕ್ಸಾಸ್ ರಾಜ್ಯದ ಡಲ್ಲಾಸ್ ಸುತ್ತಮುತ್ತ ಇರುವ ಕನ್ನಡಿಗರಿಗೆ ಆಲಿಕಲ್ಲಿನ ಕಥೆ ಹೊಸದಲ್ಲ. ಬೇಸಿಗೆ ಶುರುವಾಗುವ ಮುಂಚೆ ಒಂದು ಸಂಜೆ ಆಕಾಶ ಹಸಿರುಗಪ್ಪಾಗುತ್ತದೆ. ಅರ್ಧ ಗಂಟೆ ನಿಂಬೆಹಣ್ಣಿನ ಗಾತ್ರದ ಕಲ್ಲುಗಳು ಸುರಿಯುತ್ತವೆ. ಮಾರನೇ ದಿನ ಬೆಳಗ್ಗೆಯಿಂದಲೇ ರೂಫಿಂಗ್, ಅಂದರೆ ಚಾವಣಿ ಕೆಲಸದ ಕಂಪನಿಯವರು ಬಾಗಿಲು ತಟ್ಟಲು ಶುರು ಮಾಡುತ್ತಾರೆ.

ಎರಡು ವರ್ಷದ ಹಿಂದೆ ನಮ್ಮ ಮನೆಯ ಚಾವಣಿಯೂ ಹೋಯಿತು. ಎರಡು ಕೊಟೇಶನ್ ತೆಗೆದುಕೊಂಡೆವು. ಒಂದು ಇನ್ನೊಂದಕ್ಕಿಂತ 1,400 ಡಾಲರ್ ಕಡಿಮೆ ಇತ್ತು. ಅದನ್ನೇ ಒಪ್ಪಿಕೊಂಡೆವು. ಕೆಲಸದ ದಿನ ಬೆಳಗ್ಗೆ ಏಳಕ್ಕೆ ಎಂಟು ಜನ ಬಂದರು. ಹತ್ತು ನಿಮಿಷದಲ್ಲಿ ಏಣಿ ಹಾಕಿ ಮೇಲೆ ಹತ್ತಿ, ಸಲಿಕೆಯಿಂದ ಹಳೇ ಶಿಂಗಲ್, ಅಂದರೆ ಚಾವಣಿಗೆ ಹೊದಿಸಿದ ಡಾಂಬರಿನ ಬಿಲ್ಲೆಗಳನ್ನು ಕೀಳಲು ಶುರು ಮಾಡಿದರು. ಆಗ ಊರಿಂದ ಬಂದಿದ್ದ ಅಮ್ಮ ಕಾಫಿ ಲೋಟ ಹಿಡಿದುಕೊಂಡು ಹುಲ್ಲಿನ ಮೇಲೆ ನಿಂತು ನೋಡುತ್ತಿದ್ದರು. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮೊದಲು ಹಂಚು ಸರಿಪಡಿಸಲು ಹತ್ತುವವರನ್ನು ಜೀವಮಾನವಿಡೀ ನೋಡಿದವರು ಅವರು. ಪಿಕಪ್ ಗಾಡಿಯ ಹಿಂದೆ ಒಂದು ಪ್ಲಾಸ್ಟಿಕ್ ಬಕೆಟ್ ಇತ್ತು. ಅದರಲ್ಲಿ ಬೀಳದಂತೆ ಮೈಗೆ ಕಟ್ಟಿಕೊಳ್ಳುವ ಹಳದಿ ಪಟ್ಟಿಯ ಹಾರ್ನೆಸ್, ಸುತ್ತಿಟ್ಟ ಹಗ್ಗ. ಹಾರ್ನೆಸ್‌ಗೆ ಅಂಗಡಿಯ ಚೀಟಿ ಇನ್ನೂ ನೇತಾಡುತ್ತಿತ್ತು.

"ಹಗ್ಗ ಇದೆಯಲ್ಲೋ. ಅವನು ಯಾಕೆ ಕಟ್ಟಿಕೊಂಡಿಲ್ಲ?" ಅಂತ ಅಮ್ಮ ಕೇಳಿದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಈ ವಿಷಯ ಓದುತ್ತಾ ಹೋದೆ. ಅಮ್ಮ ಕೇಳಿದ ಪ್ರಶ್ನೆಯ ಒಳಗೆ ಅಮೆರಿಕದ ರೂಫಿಂಗ್ ವ್ಯವಹಾರ ಪೂರ್ತಿ ಅಡಗಿದೆ ಅನ್ನುವುದು ನಿಧಾನಕ್ಕೆ ಗೊತ್ತಾಯಿತು.

ಕಾನೂನು ಏನು ಹೇಳುತ್ತದೆ ಅನ್ನುವುದರಲ್ಲಿ ಗೊಂದಲ ಇಲ್ಲ. ಕೆಲಸದ ಜಾಗದ ಸುರಕ್ಷತೆಯ ಕೇಂದ್ರ ಕಾಯ್ದೆಗೆ ಅಧ್ಯಕ್ಷ ನಿಕ್ಸನ್ 1970ರ ಡಿಸೆಂಬರ್‌ನಲ್ಲಿ ಸಹಿ ಹಾಕಿದರು. ಅದನ್ನು ಜಾರಿ ಮಾಡುವ ಸಂಸ್ಥೆ 1971ರ ಏಪ್ರಿಲ್‌ನಲ್ಲಿ ಶುರುವಾಯಿತು. ಎಲ್ಲರೂ ಅದನ್ನು ಓಶಾ ಅಂತ ಕರೆಯುತ್ತಾರೆ. ಕಟ್ಟಡ ಕೆಲಸದಲ್ಲಿ ಬೀಳದಂತೆ ತಡೆಯುವ ಈಗಿನ ನಿಯಮಗಳು 1995ರ ಫೆಬ್ರವರಿಯಿಂದ ಜಾರಿಯಲ್ಲಿವೆ. ಮುಖ್ಯ ಅಂಕಿ ಒಂದೇ: ಆರು ಅಡಿ. ಕೆಳಗಿನ ಮಟ್ಟಕ್ಕಿಂತ ಆರು ಅಡಿ ಅಥವಾ ಅದಕ್ಕೂ ಎತ್ತರದಲ್ಲಿ, ಅಂಚಿಗೆ ತಡೆ ಇಲ್ಲದ ಕಡೆ ಕೆಲಸ ಮಾಡುವವರನ್ನು ಬೀಳದಂತೆ ಕಾಪಾಡುವ ಏರ್ಪಾಡು ಮಾಡುವ ಹೊಣೆ ಅವರನ್ನು ಕೆಲಸಕ್ಕಿಟ್ಟುಕೊಂಡ ಮಾಲೀಕನದ್ದೇ.

ಆ ಏರ್ಪಾಡು ಚಾವಣಿಯ ಇಳಿಜಾರಿನ ಮೇಲೆ ಬದಲಾಗುತ್ತದೆ. ಅಡ್ಡಕ್ಕೆ 12 ಇಂಚು ಹೋದಾಗ ಮೇಲಕ್ಕೆ 4 ಇಂಚಿಗಿಂತ ಜಾಸ್ತಿ ಏರಿದರೆ ಅದು ಕಡಿದಾದ ಚಾವಣಿ. ಅಲ್ಲಿ ಕಟಕಟೆ, ಬಲೆ, ಇಲ್ಲವೇ ಹಾರ್ನೆಸ್ ಮತ್ತು ಹಗ್ಗ, ಈ ಮೂರರಲ್ಲಿ ಒಂದು ಬೇಕು. ಮಾಲ್, ಗೋದಾಮುಗಳಂಥ ಚಪ್ಪಟೆ ಚಾವಣಿಗೆ ಸ್ವಲ್ಪ ಸಡಿಲಿಕೆ ಇದೆ. ಅಂಚಿನಿಂದ ಕನಿಷ್ಠ ಆರು ಅಡಿ ಒಳಗೆ ಎಚ್ಚರಿಕೆಯ ಹಗ್ಗ ಎಳೆದು, ಆ ಗೆರೆ ದಾಟಿ ಅಂಚಿಗೆ ಹೋಗುವವರನ್ನು ನೋಡಿಕೊಳ್ಳಲು ಒಬ್ಬನನ್ನು ನಿಲ್ಲಿಸಬಹುದು. 50 ಅಡಿ ಅಥವಾ ಅದಕ್ಕಿಂತ ಕಡಿಮೆ ಅಗಲದ ಚಪ್ಪಟೆ ಚಾವಣಿಯಾದರೆ ಬರೀ ಕಾವಲುಗಾರ ಸಾಕು.

ಹಾರ್ನೆಸ್‌ನ ಹಗ್ಗ ಕಟ್ಟುವ ಕೊಂಡಿಗೂ ಲೆಕ್ಕ ಇದೆ. ಒಬ್ಬ ಮನುಷ್ಯನಿಗೆ 5,000 ಪೌಂಡ್, ಅಂದರೆ ಸುಮಾರು 2,270 ಕಿಲೋ ಎಳೆತ ಅದು ತಡೆಯಬೇಕು. ಇಲ್ಲವೇ ತಿಳಿದವರ ಉಸ್ತುವಾರಿಯಲ್ಲಿ, ಬೇಕಾದ್ದರ ಎರಡು ಪಟ್ಟು ಬಲ ಇರುವಂತೆ ಲೆಕ್ಕ ಹಾಕಿ ಕೂರಿಸಬೇಕು. ಇಷ್ಟು ಯಾಕೆ ಅಂದರೆ, ಬೀಳುವ ದೇಹ ಹಗ್ಗದ ತುದಿಯಲ್ಲಿ ಝಟ್ಟನೆ ನಿಂತಾಗ ಬೀಳುವ ಎಳೆತ ಅವನ ತೂಕದ ಹಲವು ಪಟ್ಟು ಇರುತ್ತದೆ. ಸುಮ್ನೆ ಮೇಲಿನ ಹಲಗೆಗೆ ನಾಲ್ಕು ಮೊಳೆ ಹೊಡೆದರೆ ಸಾಲದು. ಹಲಗೆಯ ಕೆಳಗಿರುವ ತೊಲೆಯನ್ನು ಹುಡುಕಿ ಅದಕ್ಕೇ ಹೊಡೆಯಬೇಕು. ಹಳೇ ಮನೆಯಲ್ಲಿ ಆ ತೊಲೆ ಗಟ್ಟಿ ಇದೆಯೇ ಅಂತ ಮೇಲೆ ನಿಂತವನಿಗೆ ಕಾಣುವುದಿಲ್ಲ. ಕಾಂಟ್ರಾಕ್ಟರುಗಳು ಹೇಳುವ ಕಷ್ಟಗಳಲ್ಲಿ ಇದು ನಿಜವಾದ ಕಷ್ಟ. ಅದನ್ನು ತಳ್ಳಿಹಾಕಬಾರದು.

ಆ ಕಷ್ಟದ ಮೇಲೆಯೇ ಒಂದು ದೊಡ್ಡ ಜಗಳ ನಡೆಯಿತು. 1995ರಲ್ಲಿ ನಿಯಮ ಬಂದ ಕೂಡಲೇ ಮನೆ ಕಟ್ಟುವವರು, ಮನೆ ಚಾವಣಿ ಮಾಡುವವರು ಗಲಾಟೆ ಮಾಡಿದರು. ಓಶಾ ತಾತ್ಕಾಲಿಕ ವಿನಾಯಿತಿ ಕೊಟ್ಟಿತು. ಕೆಲವು ಮಟ್ಟದ ಇಳಿಜಾರಿನ ಮನೆಗಳಲ್ಲಿ ಹಾರ್ನೆಸ್ ಬದಲು ಜಾರು ತಡೆ ಸಾಕು ಅಂದಿತು. ಜಾರು ತಡೆ ಅಂದರೆ ಚಾವಣಿಗೆ ಅಡ್ಡಲಾಗಿ ಹೊಡೆದ ಮರದ ಪಟ್ಟಿ. ಜಾರಿದವನ ಕಾಲು ಅದಕ್ಕೆ ಸಿಕ್ಕಿ ನಿಲ್ಲಬೇಕು ಅನ್ನುವ ಲೆಕ್ಕ. ತಾತ್ಕಾಲಿಕ ಅಂದದ್ದು 15 ವರ್ಷ ಉಳಿಯಿತು.

2010ರ ಡಿಸೆಂಬರ್‌ನಲ್ಲಿ ಓಶಾ ಆ ವಿನಾಯಿತಿ ವಾಪಸ್ ತೆಗೆದುಕೊಂಡಿತು. 2011ರ ಜೂನ್ 16ರಿಂದ ಮನೆಗಳಿಗೂ ಮೂಲ ನಿಯಮವೇ ಅಂತ ಆಯಿತು. ರಾಷ್ಟ್ರೀಯ ರೂಫಿಂಗ್ ಕಾಂಟ್ರಾಕ್ಟರುಗಳ ಸಂಘ ಇದನ್ನು ಒಪ್ಪದೆ ಷಿಕಾಗೋದ ಏಳನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯಕ್ಕೆ ಹೋಯಿತು. ನ್ಯಾಯಾಲಯ ಅವರ ಪರ ನಿಲ್ಲಲಿಲ್ಲ. ಹಾರ್ನೆಸ್ ಒಂದು ಮನೆಯಲ್ಲಿ ನಿಜಕ್ಕೂ ಸಾಧ್ಯವಿಲ್ಲ, ಅಥವಾ ಅದರಿಂದಲೇ ಅಪಾಯ ಜಾಸ್ತಿ ಅಂತಾದರೆ ಕಾಂಟ್ರಾಕ್ಟರ್ ಬೇರೆ ದಾರಿ ಹಿಡಿಯಬಹುದು. ಆದರೆ ಅದನ್ನು ಸಾಬೀತು ಮಾಡುವ ಹೊಣೆ ಅವನದ್ದು. ಆ ಮನೆಗೆ ಅಂತಲೇ ಯೋಜನೆ ಬರೆದಿಡಬೇಕು. ಎಲ್ಲಾ ಮನೆಗೂ ಒಂದೇ ಜೆರಾಕ್ಸ್ ಪ್ರತಿ ನಡೆಯುವುದಿಲ್ಲ.

ರಾಜ್ಯಗಳ ಜೊತೆಗೂ ಇದೇ ಹಗ್ಗಜಗ್ಗಾಟ ನಡೆದಿದೆ. ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಖಾಸಗಿ ಕೆಲಸಗಾರರ ಸುರಕ್ಷತೆಯನ್ನು ಓಶಾ ನೇರವಾಗಿ ನೋಡಿಕೊಳ್ಳುತ್ತದೆ. ಟೆಕ್ಸಾಸ್ ಅಂಥದ್ದು. ಉಳಿದ ಕಡೆ ರಾಜ್ಯದ್ದೇ ಇಲಾಖೆ ಇದೆ. ಆದರೆ ಅದರ ನಿಯಮ ಕೇಂದ್ರದ್ದಕ್ಕಿಂತ ಸಡಿಲ ಇರಬಾರದು. ಅರಿಜೋನಾ 2012ರಲ್ಲಿ ಮನೆ ಕೆಲಸಕ್ಕೆ ಆರು ಅಡಿಯ ಬದಲು 15 ಅಡಿ ಅಂತ ಕಾನೂನು ಮಾಡಿತು. ಓಶಾ ಒಪ್ಪಲಿಲ್ಲ. ನಿಮ್ಮ ಅಧಿಕಾರವನ್ನೇ ವಾಪಸ್ ಪಡೆಯುತ್ತೇವೆ ಅಂತ ನೋಟಿಸ್ ಕೊಟ್ಟಿತು. 2015ರಲ್ಲಿ ಅರಿಜೋನಾ ಆರು ಅಡಿಗೆ ಮರಳಿತು. ಕ್ಯಾಲಿಫೋರ್ನಿಯಾದಲ್ಲೂ ಮನೆ ಕೆಲಸಕ್ಕೆ ದೊಡ್ಡ ಅಂಕಿಗಳೇ ಇದ್ದವು. ಅಲ್ಲಿ 2025ರ ಜುಲೈ 1ರಿಂದ ಆರು ಅಡಿಯಾಗಿದೆ.

ಅಂದರೆ ಕಾಗದದ ಮೇಲೆ ಜಗಳ ಹೆಚ್ಚುಕಡಿಮೆ ಮುಗಿದಿದೆ. ಹಾಗಾದರೆ ಚಾವಣಿಯ ಮೇಲೆ?

ಸರ್ಕಾರದ್ದೇ ಲೆಕ್ಕ ನೋಡಿ. 2023ರಲ್ಲಿ ಅಮೆರಿಕದ ಎಲ್ಲಾ ಕೆಲಸಗಾರರನ್ನು ಸೇರಿಸಿದರೆ, ಪೂರ್ಣಾವಧಿ ದುಡಿಯುವ ಒಂದು ಲಕ್ಷ ಜನರಿಗೆ 3.5 ಮಂದಿ ಕೆಲಸದಲ್ಲಿ ಸತ್ತರು. ರೂಫರುಗಳಲ್ಲಿ ಆ ಸಂಖ್ಯೆ 51.8. ಹತ್ತಿರ ಹತ್ತಿರ ಹದಿನೈದು ಪಟ್ಟು. ಇನ್ನೊಂದು ಕಡೆ, ಓಶಾ ಹಾಕುವ ಕೇಸುಗಳಲ್ಲಿ ಬೀಳುವುದನ್ನು ತಡೆಯುವ ಈ ನಿಯಮದ ಉಲ್ಲಂಘನೆಯೇ ಹತ್ತು ವರ್ಷಕ್ಕೂ ಮೇಲ್ಪಟ್ಟು ಬಿಡದೆ ಮೊದಲ ಸ್ಥಾನದಲ್ಲಿದೆ. 2024ರ ಹಣಕಾಸು ವರ್ಷವೊಂದರಲ್ಲೇ 6,000ಕ್ಕೂ ಹೆಚ್ಚು. ಎಲ್ಲರಿಗೂ ಗೊತ್ತಿರುವ, ಎಲ್ಲಕ್ಕಿಂತ ಜಾಸ್ತಿ ಮುರಿಯುವ ನಿಯಮ ಇದು. ಗೊತ್ತಿಲ್ಲದೆ ಮುರಿಯುತ್ತಾರೆ ಅನ್ನಲು ಆಗುವುದಿಲ್ಲ. ನಮ್ಮ ಮನೆಗೆ ಬಂದವರ ಬಕೆಟ್‌ನಲ್ಲೂ ಹಾರ್ನೆಸ್ ಇತ್ತು ತಾನೇ?

ನನ್ನ ಉತ್ತರ ಇದು. ಚಾವಣಿಯ ಮೇಲೆ ನಿಂತವನಿಗೆ ಮಾಲೀಕ ಯಾರು ಅನ್ನುವುದೇ ಮಸುಕಾಗಿದೆ. ಆ ಮಸುಕಿನಲ್ಲಿ ಕಾನೂನು ಪಾಲಿಸುವ ಕಾಂಟ್ರಾಕ್ಟರ್ ವ್ಯಾಪಾರ ಕಳೆದುಕೊಳ್ಳುತ್ತಾನೆ. ಪಾಲಿಸದವನು ಕಡಿಮೆ ಕೊಟೇಶನ್ ಕೊಟ್ಟು ಗೆಲ್ಲುತ್ತಾನೆ.

ನಮ್ಮ ಮನೆಯ ಲೆಕ್ಕವನ್ನೇ ಬಿಡಿಸಿ ಹೇಳುತ್ತೇನೆ. ನಾನು ಸಹಿ ಹಾಕಿದ್ದು ಒಂದು ಕಂಪನಿಯ ಜೊತೆ. ಅವರ ಸೇಲ್ಸ್‌ನವನನ್ನು ಬಿಟ್ಟರೆ ಆ ಕಂಪನಿಯ ಬೇರೆ ಯಾರನ್ನೂ ನಾನು ನೋಡಲೇ ಇಲ್ಲ. ಕೆಲಸಕ್ಕೆ ಬಂದ ಎಂಟು ಜನ ಇನ್ನೊಬ್ಬ ಮೇಸ್ತ್ರಿಯ ಕಡೆಯವರು. ಆ ಮೇಸ್ತ್ರಿಗೆ ಸಿಗುವುದು ಚದರಕ್ಕೆ ಇಷ್ಟು ಅಂತ. ಇಲ್ಲಿ ಒಂದು ಚದರ ಅಂದರೆ 100 ಚದರ ಅಡಿ ಚಾವಣಿ. ಎಂಟು ಜನರಲ್ಲಿ ಕೆಲವರು ಅವನ ನೌಕರರೂ ಅಲ್ಲವಂತೆ. ಪ್ರತಿಯೊಬ್ಬನೂ ಸ್ವತಂತ್ರ ಗುತ್ತಿಗೆದಾರ ಅಂತ ಕಾಗದ. ವರ್ಷದ ಕೊನೆಗೆ 1099 ಅನ್ನುವ ತೆರಿಗೆ ನಮೂನೆ. ಇದನ್ನೆಲ್ಲ ಹೇಳಿದ್ದು ಮೇಸ್ತ್ರಿಯೇ, ಮಧ್ಯಾಹ್ನ ನೀರು ಕೊಡಲು ಹೋದಾಗ.

ಓಶಾ ಕಾಯ್ದೆ ಇರುವುದು ಮಾಲೀಕ ಮತ್ತು ನೌಕರನ ನಡುವೆ. ತನಗೆ ತಾನೇ ಮಾಲೀಕನಾದವನಿಗೆ ಅದು ಅನ್ವಯ ಆಗುವುದಿಲ್ಲ. ಹಾಗಾಗಿ ನೌಕರನನ್ನು ಕಾಗದದಲ್ಲಿ ಗುತ್ತಿಗೆದಾರ ಮಾಡಿಬಿಟ್ಟರೆ ಒಂದೇ ಏಟಿಗೆ ಸುರಕ್ಷತಾ ನಿಯಮ, ಓವರ್‌ಟೈಮ್, ಅಪಘಾತ ವಿಮೆ ಎಲ್ಲದರಿಂದ ತಪ್ಪಿಸಿಕೊಂಡಂತೆ. ಓಶಾ ಈ ಕಾಗದವನ್ನು ಕಣ್ಣುಮುಚ್ಚಿ ನಂಬುವುದಿಲ್ಲ. ಕೆಲಸ ಹೇಗೆ ಮಾಡಬೇಕು ಅಂತ ಹೇಳುವವರು ಯಾರು, ಸಾಮಾನು ಯಾರದ್ದು, ಬೇಡ ಅಂದರೆ ಮನೆಗೆ ಕಳಿಸುವವರು ಯಾರು, ಇದನ್ನೆಲ್ಲ ನೋಡುತ್ತದೆ. ಆದರೆ ಅದಕ್ಕೆ ಸಮಯ ಬೇಕು, ಸಾಕ್ಷಿ ಬೇಕು. ತಪ್ಪು ನಡೆದು ಆರು ತಿಂಗಳೊಳಗೆ ನೋಟಿಸ್ ಕೊಡದಿದ್ದರೆ ಕೇಸೇ ಇಲ್ಲ.

ವಿಮೆಯ ಮಾತು ಬಂತಲ್ಲ, ಹಣದ ವ್ಯತ್ಯಾಸ ಇರುವುದು ಮುಖ್ಯವಾಗಿ ಅಲ್ಲೇ. ಕೆಲಸದಲ್ಲಿ ಗಾಯವಾದವರಿಗೆ ಪರಿಹಾರ ಕೊಡುವ ವಿಮೆಯ ಕಂತು ಸಂಬಳದ ಮೇಲೆ ಲೆಕ್ಕವಾಗುತ್ತದೆ. ರೂಫಿಂಗ್‌ಗೆ ಆ ದರ ಎಲ್ಲಾ ಕಸುಬಿಗಿಂತ ಮೇಲಿನ ಸಾಲಿನಲ್ಲಿದೆ. ಖಾಸಗಿ ಮಾಲೀಕರಿಗೆ ಈ ವಿಮೆಯನ್ನು ಕಡ್ಡಾಯ ಮಾಡದ ರಾಜ್ಯ ಟೆಕ್ಸಾಸ್. ರೂಫಿಂಗ್ ಮಾಡಲು ಇಲ್ಲಿ ರಾಜ್ಯದ ಲೈಸೆನ್ಸೂ ಬೇಕಿಲ್ಲ. ಒಂದು ಗಾಡಿ, ಎರಡು ಏಣಿ, ಮೊಳೆ ಹೊಡೆಯುವ ಗನ್ನು ಇದ್ದರೆ ಸಾಕು, ನೀವೂ ಕಾಂಟ್ರಾಕ್ಟರ್. ಈಗ ನೌಕರರನ್ನು ಸರಿಯಾಗಿ ಲೆಕ್ಕಕ್ಕೆ ಹಿಡಿದು, ವಿಮೆ ಕಟ್ಟಿ, ಬೆಳಗ್ಗೆ ಮುಕ್ಕಾಲು ಗಂಟೆ ಕೊಂಡಿ ಕೂರಿಸುವವನು ಕೊಡುವ ಕೊಟೇಶನ್ ಎಷ್ಟಿರಬಹುದು? ನಾನು ಬೇಡ ಅಂದ ಆ 1,400 ಡಾಲರಿನಲ್ಲಿ ಒಂದು ಪಾಲು ಇದೇ ಅಂತ ಈಗ ನನಗೆ ಅನ್ನಿಸುತ್ತದೆ. ಆ ಕೊಟೇಶನ್‌ನ ಎರಡನೇ ಪುಟದಲ್ಲಿ ಬೀಳದಂತೆ ತಡೆಯುವ ಏರ್ಪಾಡಿಗೆ ಅಂತ ಒಂದು ಸಾಲು ಇತ್ತು. ಆಗ ನಾನು ಅದನ್ನು ಓದಿರಲಿಲ್ಲ.

ಮೇಲಿನ ಕಂಪನಿ ಪೂರ್ತಿ ತಪ್ಪಿಸಿಕೊಳ್ಳುತ್ತದೆ ಅಂತಲೂ ಇಲ್ಲ. 1999ರಿಂದ ಓಶಾಗೆ ಒಂದು ಲಿಖಿತ ನೀತಿ ಇದೆ. ಒಂದೇ ಜಾಗದಲ್ಲಿ ಹಲವು ಮಾಲೀಕರಿದ್ದರೆ ಅಪಾಯ ಹುಟ್ಟಿಸಿದವನು, ತನ್ನ ಜನರನ್ನು ಅಪಾಯಕ್ಕೆ ಒಡ್ಡಿದವನು, ಸರಿಪಡಿಸಬೇಕಿದ್ದವನು, ಇಡೀ ಕೆಲಸದ ಮೇಲೆ ಹಿಡಿತ ಇದ್ದವನು, ಯಾರ ಮೇಲೆ ಬೇಕಾದರೂ ಕೇಸು ಹಾಕಬಹುದು. ಟೆಕ್ಸಾಸ್ ಬರುವ ಐದನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯದಲ್ಲಿ ಬಹಳ ವರ್ಷ ಇದಕ್ಕೆ ಅಡ್ಡಿ ಇತ್ತು. ನಿನ್ನ ನೌಕರನಿಗೆ ಮಾತ್ರ ನೀನು ಹೊಣೆ ಅನ್ನುವ ಹಳೇ ತೀರ್ಪು. 2018ರಲ್ಲಿ ಆಸ್ಟಿನ್‌ನ ಒಂದು ಕಟ್ಟಡ ಕೆಲಸದ ಕೇಸಿನಲ್ಲಿ ಅದೇ ನ್ಯಾಯಾಲಯ ದಾರಿ ಬದಲಿಸಿತು. ಕೆಲಸದ ಮೇಲೆ ಹಿಡಿತ ಇರುವ ಮುಖ್ಯ ಗುತ್ತಿಗೆದಾರನ ಮೇಲೂ ಓಶಾ ಕ್ರಮ ತೆಗೆದುಕೊಳ್ಳಬಹುದು ಅಂದಿತು. ದೊಡ್ಡ ರೂಫಿಂಗ್ ಕಂಪನಿಗಳ ಒಪ್ಪಂದಗಳಲ್ಲಿ ಈಗ ಒಳಗುತ್ತಿಗೆಯವರಿಗೆ ಸುರಕ್ಷತೆಯ ಷರತ್ತು, ತರಬೇತಿಯ ದಾಖಲೆ, ಮೊದಲ ದಿನದ ಫೋಟೋ ಅಂತೆಲ್ಲ ಕೇಳುವುದಕ್ಕೆ ಇದೂ ಒಂದು ಕಾರಣ.

ಆದರೆ ನೋಡಲು ಯಾರಾದರೂ ಬರಬೇಕು, ಅಲ್ವಾ? ಕೇಂದ್ರ ಮತ್ತು ರಾಜ್ಯ ಎರಡೂ ಸೇರಿ ಇಡೀ ದೇಶಕ್ಕೆ ಇನ್‌ಸ್ಪೆಕ್ಟರುಗಳು ಎರಡು ಸಾವಿರಕ್ಕಿಂತ ಕಡಿಮೆ. ಮನೆಯ ಚಾವಣಿ ಬೆಳಗ್ಗೆ ಶುರುವಾಗಿ ಸಂಜೆಗೆ ಮುಗಿಯುತ್ತದೆ. ಯಾರೋ ದೂರು ಕೊಟ್ಟು, ಇನ್‌ಸ್ಪೆಕ್ಟರ್ ಬರುವಷ್ಟರಲ್ಲಿ ಕ್ರೂ, ಅಂದರೆ ಕೆಲಸದ ಗುಂಪು, ಇನ್ನೊಂದು ಊರಲ್ಲಿ. ಹೀಗಾಗಿ 2023ರ ಮೇ ತಿಂಗಳಲ್ಲಿ ಓಶಾ ಬೀಳುವ ಅಪಾಯಕ್ಕೆ ಅಂತಲೇ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿತು. ಇನ್‌ಸ್ಪೆಕ್ಟರ್ ಬೇರೆ ಕೆಲಸಕ್ಕೆ ಹೋಗುತ್ತಿರುವಾಗ ದಾರಿಯಲ್ಲಿ ಚಾವಣಿಯ ಮೇಲೆ ಹಗ್ಗವಿಲ್ಲದವರನ್ನು ಕಂಡರೆ ಅಲ್ಲೇ ನಿಲ್ಲಿಸಿ ತಪಾಸಣೆ ಶುರು ಮಾಡಬಹುದು. ರಸ್ತೆಯಿಂದ ತೆಗೆದ ಫೋಟೋ ಅವರ ಮುಖ್ಯ ಸಾಕ್ಷಿ. ಚಾವಣಿ ಕೆಲಸ ಎಲ್ಲರ ಕಣ್ಣಿಗೆ ಕಾಣುವ ಕೆಲಸ, ಅದೊಂದು ಅನುಕೂಲ.

ಸಿಕ್ಕಿಬಿದ್ದರೆ ಎಷ್ಟು? 2025ರ ಲೆಕ್ಕದಲ್ಲಿ ಒಂದು ಗಂಭೀರ ಉಲ್ಲಂಘನೆಗೆ ಗರಿಷ್ಠ 16,550 ಡಾಲರ್. ಗೊತ್ತಿದ್ದೂ ಮಾಡಿದ್ದು ಅಥವಾ ಮತ್ತೆ ಮಾಡಿದ್ದು ಅಂತಾದರೆ 1,65,514 ಡಾಲರ್ ತನಕ. 1990ರಲ್ಲಿ ನಿಗದಿಯಾದ 7,000 ಮತ್ತು 70,000 ಡಾಲರ್ 2016ರವರೆಗೂ ಹಾಗೇ ನಿಂತಿತ್ತು. 2015ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಮಾಡಿದ ಕಾನೂನಿನಿಂದಾಗಿ ಈಗ ಬೆಲೆಯೇರಿಕೆಗೆ ತಕ್ಕಂತೆ ದಂಡವೂ ಪ್ರತಿ ವರ್ಷ ಏರುತ್ತದೆ.

ಆದರೆ ಇದು ಗರಿಷ್ಠ ಮಾತ್ರ. ಚಿಕ್ಕ ಕಂಪನಿಗೆ ರಿಯಾಯಿತಿ ಇದೆ. 2025ರ ಜುಲೈನಲ್ಲಿ ಓಶಾ ಅದನ್ನು ಇನ್ನೂ ಹಿಗ್ಗಿಸಿತು. ಶೇಕಡಾ 70ರ ಕಡಿತ ಮೊದಲು 10 ನೌಕರರ ತನಕ ಇತ್ತು, ಈಗ 25 ನೌಕರರ ತನಕ. ಕೂಡಲೇ ಸರಿಪಡಿಸಿದರೆ ಶೇಕಡಾ 15, ಹಿಂದೆ ಗಂಭೀರ ತಪ್ಪಿನ ದಾಖಲೆ ಇಲ್ಲದಿದ್ದರೆ ಶೇಕಡಾ 20. ಮೊದಲ ಕಡಿತವೊಂದರಲ್ಲೇ 16,550 ಡಾಲರ್ ಇಳಿದು 4,965 ಆಗುತ್ತದೆ. ರೂಫಿಂಗ್‌ನಲ್ಲಿ ಕ್ರೂಗಳು ಹೆಚ್ಚಾಗಿ 25ಕ್ಕಿಂತ ಕಡಿಮೆ ಜನರವು. ಒಳಗುತ್ತಿಗೆ ಕೊಟ್ಟಷ್ಟೂ ಇನ್ನೂ ಚಿಕ್ಕವು. ಚಿಕ್ಕ ವ್ಯಾಪಾರಿ ಒಂದು ತಪ್ಪಿಗೆ ಮುಳುಗಿಹೋಗಬಾರದು, ಆ ಹಣ ಸುರಕ್ಷತೆಗೆ ಹೋಗಲಿ ಅನ್ನುವ ವಾದ ನನಗೆ ಅರ್ಥವಾಗುತ್ತದೆ. ಬೇರೆ ಕಸುಬಿನಲ್ಲಿ ಅದು ಸರಿ ಇರಬಹುದು. ಆದರೆ ಜನರನ್ನು ಚಿಕ್ಕ ಚಿಕ್ಕ ಗುಂಪಾಗಿ ಒಡೆಯುವುದೇ ತಪ್ಪಿಸಿಕೊಳ್ಳುವ ದಾರಿಯಾಗಿರುವ ಕಸುಬಿನಲ್ಲಿ, ಚಿಕ್ಕದಾಗಿದ್ದಕ್ಕೆ ದೊಡ್ಡ ರಿಯಾಯಿತಿ ಕೊಡುವುದು ತಪ್ಪು ಅಂತಲೇ ನಾನು ಹೇಳುತ್ತೇನೆ. ಕೊಂಡಿ ಕೂರಿಸುವ ಕಾಂಟ್ರಾಕ್ಟರಿಗೆ ಇದರಿಂದ ಏನೂ ಸಿಗಲಿಲ್ಲ. ಅವನ ಎದುರಾಳಿಗೆ ಸಿಕ್ಕಿತು.

ಜೀವ ಹೋದರೂ ಲೆಕ್ಕ ಬಹಳ ಬದಲಾಗುವುದಿಲ್ಲ. ಬೇಕಂತಲೇ ನಿಯಮ ಮುರಿದು, ಅದರಿಂದ ನೌಕರ ಸತ್ತರೆ ಮೊದಲ ಬಾರಿಗೆ ಗರಿಷ್ಠ ಶಿಕ್ಷೆ ಆರು ತಿಂಗಳು ಜೈಲು. 1970ರಲ್ಲಿ ಬರೆದದ್ದು, ಇವತ್ತಿಗೂ ಅದೇ. ಇದೇ ದೇಶದಲ್ಲಿ ಕೇಂದ್ರದ ತನಿಖಾಧಿಕಾರಿಗೆ ಸುಳ್ಳು ಹೇಳಿದರೆ ಐದು ವರ್ಷದ ತನಕ ಜೈಲು. ಫಿಲಡೆಲ್ಫಿಯಾದಲ್ಲಿ 2013ರಲ್ಲಿ ಒಬ್ಬ ರೂಫರ್ ಬಿದ್ದು ಸತ್ತ. ಹಾರ್ನೆಸ್ ಕೊಟ್ಟಿದ್ದೆ ಅಂತ ಅವನ ಕಾಂಟ್ರಾಕ್ಟರ್ ಓಶಾ ಅಧಿಕಾರಿಗೆ ಹೇಳಿದ. ಕೊಟ್ಟಿರಲಿಲ್ಲ. 2016ರಲ್ಲಿ ಅವನಿಗೆ ಹತ್ತು ತಿಂಗಳ ಶಿಕ್ಷೆಯಾಯಿತು. ಆರು ತಿಂಗಳು ದಾಟಿದ ಆ ಶಿಕ್ಷೆ ಸಾಧ್ಯವಾಗಿದ್ದು ಅವನು ಸುಳ್ಳನ್ನೂ ಹೇಳಿದ್ದರಿಂದ. ಇದನ್ನು ಬದಲಿಸುವ ಮಸೂದೆ ಕಾಂಗ್ರೆಸ್ಸಿಗೆ ಮತ್ತೆ ಮತ್ತೆ ಬಂದಿದೆ. ಒಮ್ಮೆಯೂ ಪಾಸಾಗಿಲ್ಲ. ಓಶಾವನ್ನೇ ರದ್ದು ಮಾಡಬೇಕು ಅನ್ನುವ ಮಸೂದೆಯೂ ಅಲ್ಲೇ ಬಂದಿದೆ. ಅದೂ ಪಾಸಾಗಿಲ್ಲ. ನಿಯಮ ಮಾಡುವ ಇಷ್ಟೊಂದು ಅಧಿಕಾರವನ್ನು ಓಶಾಗೆ ಕೊಟ್ಟಿದ್ದೇ ಸಂವಿಧಾನಕ್ಕೆ ವಿರುದ್ಧ ಅಂತ ಒಂದು ಗುತ್ತಿಗೆ ಕಂಪನಿ ಸುಪ್ರೀಂ ಕೋರ್ಟ್ ತನಕ ಹೋಗಿತ್ತು. 2024ರ ಜುಲೈನಲ್ಲಿ ಕೋರ್ಟ್ ಆ ಕೇಸು ಕೈಗೆತ್ತಿಕೊಳ್ಳಲಿಲ್ಲ.

ಮುಂದಿನ ಜಗಳ ಬಿಸಿಲಿನದ್ದು. 2024ರ ಆಗಸ್ಟ್‌ನಲ್ಲಿ ಓಶಾ ಒಂದು ಕರಡು ನಿಯಮ ಪ್ರಕಟಿಸಿತು. ತೇವವನ್ನೂ ಸೇರಿಸಿ ಲೆಕ್ಕ ಹಾಕಿದ ಸೆಕೆ 80 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 27 ಸೆಲ್ಸಿಯಸ್ ಮುಟ್ಟಿದರೆ ನೀರು, ನೆರಳು ಕೊಡಬೇಕು. 90 ಮುಟ್ಟಿದರೆ ಎರಡು ಗಂಟೆಗೊಮ್ಮೆ ಸಂಬಳ ಸಮೇತ 15 ನಿಮಿಷ ವಿರಾಮ. ಹೊಸಬರಿಗೆ ಬಿಸಿಲು ಒಗ್ಗಲು ಮೊದಲ ದಿನಗಳಲ್ಲಿ ಕೆಲಸ ಕಡಿಮೆ. ಇದು ಸುಮ್ನೆ ಬಂದದ್ದಲ್ಲ. ಕೆಲಸದ ಜಾಗದ ಬಿಸಿಲಿನ ಸಾವುಗಳಲ್ಲಿ ಶೇಕಡಾ 70ಕ್ಕೂ ಜಾಸ್ತಿ ಮೊದಲ ವಾರದಲ್ಲೇ ಆಗುತ್ತವೆ ಅಂತ ಓಶಾ ಹೇಳುತ್ತದೆ. ರೂಫಿಂಗ್ ಸಂಘದ ಆಕ್ಷೇಪ, ಇಡೀ ದೇಶಕ್ಕೆ ಒಂದೇ ಅಳತೆ ಹೊಂದುವುದಿಲ್ಲ ಅಂತ. ಅದರಲ್ಲಿ ಸ್ವಲ್ಪ ಸತ್ಯ ಇದೆ. ಡಲ್ಲಾಸ್‌ನಲ್ಲಿ ಬೇಸಿಗೆಯ ಬಹುಪಾಲು ದಿನ 90 ದಾಟುತ್ತದೆ. ಆದರೆ ಕರಿ ಶಿಂಗಲ್ ಮೇಲೆ ಮಂಡಿಯೂರಿ ಕೂತವನಿಗೆ ಆ ದಿನಗಳೂ ಅಷ್ಟೇ ಇವೆ. ಡಲ್ಲಾಸ್, ಆಸ್ಟಿನ್ ನಗರಗಳು ಕಟ್ಟಡ ಕೆಲಸಗಾರರಿಗೆ ನಾಲ್ಕು ಗಂಟೆಗೊಮ್ಮೆ ಹತ್ತು ನಿಮಿಷ ವಿರಾಮ ಅಂತ ತಮ್ಮದೇ ನಿಯಮ ಮಾಡಿಕೊಂಡಿದ್ದವು. 2023ರಲ್ಲಿ ಟೆಕ್ಸಾಸ್ ರಾಜ್ಯ ಇಂಥ ನಗರ ನಿಯಮಗಳನ್ನು ತಡೆಯುವ ಕಾನೂನು ಮಾಡಿತು. ಹಾಗಾಗಿ ಕೇಂದ್ರದ ನಿಯಮದ ಮೇಲೆ ಇಲ್ಲಿಯವರ ಕಣ್ಣು ಇನ್ನೂ ಜಾಸ್ತಿ ಇದೆ. 2025ರ ಬೇಸಿಗೆಯಲ್ಲಿ ಅದರ ಬಹಿರಂಗ ವಿಚಾರಣೆ ನಡೆಯಿತು.

ಉಳಿದವು ಚಿಕ್ಕವು, ಆದರೆ ಕಾಂಟ್ರಾಕ್ಟರಿಗೆ ದಿನಾ ತಾಗುವಂಥವು. ಸಿಮೆಂಟ್ ಅಥವಾ ಮಣ್ಣಿನ ಹಂಚು ಕತ್ತರಿಸಿದಾಗ ಏಳುವ ಸಿಲಿಕಾ ಧೂಳಿಗೆ 2017ರಿಂದ ಬಿಗಿ ಮಿತಿ ಇದೆ. ನೀರು ಬಿಟ್ಟು ಕತ್ತರಿಸಿದರೆ ಧೂಳು ಕಡಿಮೆ. ಆದರೆ ಇಳಿಜಾರಿನ ಮೇಲೆ ನೀರು ಬಿಟ್ಟರೆ ಕಾಲು ಜಾರುತ್ತದೆ. ಒಂದು ಅಪಾಯ ತಪ್ಪಿಸಲು ಹೋಗಿ ಇನ್ನೊಂದು ತಂದುಕೊಂಡಂತೆ ಅಂತ ರೂಫರುಗಳು ಹೇಳುವುದು ಸರಿಯಾಗಿಯೇ ಇದೆ. ಕತ್ತರಿಸುವ ಕೆಲಸವನ್ನು ನೆಲದ ಮೇಲೆ ಮಾಡಿ ಮೇಲಕ್ಕೆ ಸಾಗಿಸಿದರೆ ಸಮಯ ಜಾಸ್ತಿ ಬೇಕು. 2025ರ ಜನವರಿಯಿಂದ ಹಾರ್ನೆಸ್, ಹೆಲ್ಮೆಟ್‌ಗಳು ಹಾಕಿಕೊಳ್ಳುವವರ ಮೈಗೆ ಸರಿಯಾಗಿ ಕೂರಬೇಕು ಅನ್ನುವುದು ಕಟ್ಟಡ ಕೆಲಸದಲ್ಲೂ ಕಡ್ಡಾಯ. ತರಬೇತಿಯನ್ನು ಕೆಲಸಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ಇಲ್ಲಿ ಅದು ಹೆಚ್ಚಾಗಿ ಸ್ಪ್ಯಾನಿಷ್. ನಮ್ಮ ಮನೆಗೆ ಬಂದಿದ್ದ ಹಾರ್ನೆಸ್‌ನ ಚೀಟಿ ಪೂರ್ತಿ ಇಂಗ್ಲಿಷಿನಲ್ಲಿತ್ತು.

ಅವತ್ತು ಮೇಸ್ತ್ರಿಯನ್ನು ಅಮ್ಮನ ಪ್ರಶ್ನೆಯನ್ನೇ ಕೇಳಿದ್ದೆ. ಹಗ್ಗ ಕಾಲಿಗೆ ಸಿಕ್ಕಿಕೊಳ್ಳುತ್ತದೆ, ನಿಧಾನವಾಗುತ್ತದೆ, ಚದರದ ಲೆಕ್ಕದಲ್ಲಿ ದುಡ್ಡು ಅಂದ. ಇನ್‌ಸ್ಪೆಕ್ಟರ್ ಬಂದರೆ ತೋರಿಸಲು ಬಕೆಟ್ ಇದೆ ಅಂತ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಸಂಜೆ ಐದೂವರೆಗೆ ಎಂಟು ಜನರೂ ಕ್ಷೇಮವಾಗಿ ಇಳಿದರು. ಕೊನೆಯವನು ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಡುವ ತನಕ ಅಮ್ಮ ಒಳಗೆ ಬಂದಿರಲಿಲ್ಲ.

ಈ ಸಲದ ಆಲಿಕಲ್ಲು ನಮ್ಮ ಬೀದಿಯ ಕೊನೆಯಲ್ಲಿರುವ ದಾವಣಗೆರೆಯವರ ಮನೆಗೆ ಬಡಿದಿದೆ. ಮೊನ್ನೆ ಅವರು ಮೂರು ಕೊಟೇಶನ್ ಹಿಡಿದುಕೊಂಡು ಬಂದರು. ಇಬ್ಬರೂ ಕೂತು ಮೂವರಿಗೂ ಒಂದೇ ಪ್ರಶ್ನೆ ಕಳಿಸಿದೆವು: ಚಾವಣಿ ಹತ್ತುವವರು ಯಾರ ನೌಕರರು, ಅವರಿಗೆ ವಿಮೆ ಇದೆಯೇ, ಹಗ್ಗ ಎಲ್ಲಿ ಕಟ್ಟುತ್ತೀರಿ? ಒಬ್ಬರು ಉತ್ತರ ಕೊಡಲಿಲ್ಲ. ಒಬ್ಬರು ಅದು ಕ್ರೂನವರ ವಿಷಯ ಅಂದರು. ಮೂರನೆಯವರು ವಿಮೆಯ ಪತ್ರದ ಜೊತೆ ಹಿಂದಿನ ವಾರದ ಕೆಲಸದ ಒಂದು ಫೋಟೋ ಕಳಿಸಿದರು. ಚಾವಣಿಯ ನೆತ್ತಿಯಲ್ಲಿ ಸಾಲಾಗಿ ನಾಲ್ಕು ಕೊಂಡಿ, ನಾಲ್ಕು ಹಗ್ಗ, ಹಗ್ಗದ ತುದಿಯಲ್ಲಿ ನಾಲ್ಕು ಜನ. ಅವರ ಬೆಲೆಯೇ ಮೂರರಲ್ಲಿ ಜಾಸ್ತಿ. ನಾಳೆ ಸಂಜೆ ಅವರು ಮನೆ ನೋಡಲು ಬರುತ್ತಾರೆ.